ಮೇಲ್ ಎಲ್ಬೋ

ಒಗೆಯಲು ಹಾಕಿದ್ದ ನನ್ನ ಅಂಗಿಯ ಜೇಬು ತಡವಿದ ಹೆಂಡತಿ ಅದರೊಳಗಿಂದ ಒಂದು ಕಪ್ಲರ್ ತೆಗೆದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಎರಡು ಪ್ಲಾಸ್ಟಿಕ್ ಪೈಪುಗಳನ್ನು ನೇರವಾಗಿ ಸೇರಿಸುವ, ಹೆಬ್ಬೆರಳಿನಷ್ಟು ಉದ್ದದ ತುಂಡು ಅದು.

"ಬೇರೆ ಗಂಡಸರ ಜೇಬಲ್ಲಿ ಸಿನಿಮಾ ಟಿಕೆಟ್ ಸಿಗುತ್ತೆ, ಕದ್ದು ತಿಂದ ಮಸಾಲೆದೋಸೆ ಬಿಲ್ಲು ಸಿಗುತ್ತೆ. ನಿಮ್ಮ ಜೇಬಲ್ಲಿ ನೋಡಿ, ಪೈಪು."

"ಪೈಪಲ್ಲ ಕಣೇ, ಕಪ್ಲರ್."

"ಅದನ್ನೂ ತಿದ್ದಬೇಕಾ?"

ತಿದ್ದುವುದು ನನ್ನ ಕಸುಬು. ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇತರರು ಬರೆದದ್ದನ್ನು ತಿದ್ದುತ್ತಲೇ ನನ್ನ ತಲೆ ನೆರೆಯಿತು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬುದರಲ್ಲಿ ಒಂದು ಬಿಟ್ಟುಹೋದರೂ ವರದಿಯನ್ನು ಬರೆದವರಿಗೇ ವಾಪಸು ಕಳಿಸುವವನೆಂದು ನನಗೆ ಹೆಸರಿದೆ. ಅಂಥ ನನ್ನನ್ನೇ ಪದೇ ಪದೇ ವಾಪಸು ಕಳಿಸುವ ಜಾಗ ಊರಿನಲ್ಲಿ ಒಂದಿದೆ. ವಿಜಯನಗರದಲ್ಲಿ ನಮ್ಮ ಮನೆಯ ತಿರುವಿನಲ್ಲಿರುವ ಮಾದಪ್ಪನವರ ಹಾರ್ಡ್‌ವೇರ್ ಅಂಗಡಿ.

ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಸ್ಯಾಂಪಲ್ ತಂದಿದೀರಾ ಸಾರ್?" ದರ್ಜಿಗೆ ಅಳತೆ ರವಿಕೆ ಕೊಡುವ ಹಾಗೆ ಇಲ್ಲಿ ಹಳೆಯ ತುಂಡನ್ನು ಕೊಡಬೇಕು. ಬರಿಗೈಯಲ್ಲಿ ಹೋಗಿ ಬಾಯಿಮಾತಿನಲ್ಲಿ ವರ್ಣಿಸಿದರೆ ಮಾದಪ್ಪನವರು ಕನ್ನಡಕ ಹಣೆಗೇರಿಸಿ ಪೂರ್ತಿ ಕೇಳುತ್ತಾರೆ, ಚೆನ್ನಾಗಿ ಹೇಳಿದಿರಿ ಎನ್ನುವಂತೆ ತಲೆಯನ್ನೂ ಆಡಿಸುತ್ತಾರೆ. ಆಮೇಲೆ, "ಮನೆಗೋಗಿ ಪೀಸ್ ತನ್ನಿ" ಎನ್ನುತ್ತಾರೆ. ಹಾಗೆ ಒಯ್ದು ತಂದು, ಜೇಬಿನಲ್ಲೇ ಉಳಿದುಹೋದ ಸ್ಯಾಂಪಲ್ ಈ ಕಪ್ಲರ್.

ಇದರ ಕತೆಯೂ ಸಣ್ಣದಲ್ಲ. ತಣ್ಣೀರಿನ ಪೈಪು ಬಿಳಿ, ಬಿಸಿನೀರಿನ ಪೈಪು ಕೆನೆಬಣ್ಣ. ಹಾಲಿಗೂ ಹಾಲಿನ ಕೆನೆಗೂ ಇರುವಷ್ಟೇ ವ್ಯತ್ಯಾಸ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದೂ ಕಾಣುವುದಿಲ್ಲ. ಎರಡಕ್ಕೂ ಮುಕ್ಕಾಲು ಇಂಚು ಎಂದೇ ಹೆಸರು. ಆದರೆ ಬಿಳಿಯ ಮುಕ್ಕಾಲು ಇಂಚು ದಪ್ಪ, ಕೆನೆಯ ಮುಕ್ಕಾಲು ಇಂಚು ಸಣ್ಣ. ಇದು ತಿಳಿಯದೆ ಬಿಸಿನೀರಿನ ಪೈಪಿಗೆಂದು ಬಿಳಿ ಕಪ್ಲರ್ ತಂದು ತೂರಿಸಿದರೆ, ಅಪ್ಪನ ಚಪ್ಪಲಿಯಲ್ಲಿ ಮಗು ಕಾಲಿಟ್ಟ ಹಾಗೆ ಪೈಪು ಅದರೊಳಗೆ ಓಡಾಡಿತು. ಒಂದೇ ಹೆಸರಿನ ಇಬ್ಬರು ರಾಜಕಾರಣಿಗಳ ಫೋಟೊ ಅದಲು ಬದಲಾಗದಂತೆ ಎಷ್ಟೋ ವರ್ಷ ಕಾದವನು ನಾನು. ಒಂದೇ ಹೆಸರಿನ ಎರಡು ಪೈಪುಗಳ ಮುಂದೆ ಸೋತೆ.

ಆ ಅಂಗಡಿಯಲ್ಲಿ ನನಗೆ ಇಷ್ಟವಾಗುವುದು ಪದಗಳು. ಟೀ ಎಂದರೆ ಕುಡಿಯುವುದಲ್ಲ, ಪೈಪು ಮೂರು ಕಡೆಗೆ ಒಡೆಯುವ ಜಾಗ. ಡಮ್ಮಿ ಎಂದರೆ ಚುನಾವಣೆಯ ಅಭ್ಯರ್ಥಿಯಲ್ಲ, ನಲ್ಲಿ ಇಲ್ಲದ ಬಾಯಿಗೆ ಹಾಕುವ ಬಿರಡೆ. ಯೂನಿಯನ್ ಎಂದರೆ ಪೈಪು ಕೊಯ್ಯದೆ ಬಿಚ್ಚಿ ಮತ್ತೆ ಸೇರಿಸಬಹುದಾದ ಜೋಡಣೆ. ನಮ್ಮ ಕಚೇರಿಯಲ್ಲೂ ಒಂದು ಯೂನಿಯನ್ ಇತ್ತು, ಬಿಚ್ಚಿಕೊಂಡದ್ದು ಮತ್ತೆ ಸೇರಲಿಲ್ಲ. ಇನ್ನು ನಲ್ಲಿಯನ್ನೇ ನೋಡಿ. ಮನೆಯಲ್ಲಿ ಜೀವಮಾನವಿಡೀ ನಲ್ಲಿ ಎಂದವರು ನಾವು, ಡೆಸ್ಕಿಗೆ ಬಂದ ಕೂಡಲೇ ಅದನ್ನು ಕೊಳಾಯಿ ಎಂದು ತಿದ್ದುತ್ತೇವೆ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನೀರು ಬಾರದಿರುವುದು ಪೇಪರಿನಲ್ಲಾದರೆ ಕೊಳಾಯಿಯಲ್ಲಿ, ಮನೆಯಲ್ಲಾದರೆ ನಲ್ಲಿಯಲ್ಲಿ.

ದಾರಿ ತಪ್ಪಿದೆ. ನಾನು ಹೇಳಹೊರಟದ್ದು ಅತ್ತಿಗೆಯ ವಿಷಯ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡಾಗ ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಣ್ಣನಿಗೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮಂಡಕಳ್ಳಿಯ ಆಚೆಯ ಒಂದು ಹಳ್ಳಿಯಿಂದ ಅತ್ತಿಗೆಯನ್ನು ತಂದುಕೊಂಡರು. ಮದುವೆಯಾಗಿ ಬಂದ ಹುಡುಗಿಗೆ ಗಂಡನ ಜೊತೆಗೆ ಮೂಗು ಸುರಿಸುವ ಒಬ್ಬ ಮೈದುನನೂ ಸಿಕ್ಕ. ಅವರಿಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ಯಾರಾದರೂ ಕನಿಕರ ತೋರಿಸಲು ಬಂದರೆ, "ಇವನೊಬ್ನೇ ಸಾಕಾಗ್ಯದೆ ನಂಗೆ, ಇನ್ನೂ ಬೇಕಾ?" ಎಂದು ನನ್ನ ತಲೆಯ ಮೇಲೆ ಮೊಟಕುತ್ತಿದ್ದರು.

ನಾವಾಗ ಇದ್ದದ್ದು ಒಂದು ವಠಾರದಲ್ಲಿ. ಬೀದಿಯ ನಲ್ಲಿಯಿಂದ ನೀರು ಹೊತ್ತು ತರಬೇಕು. ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು ಬಕೆಟ್ಟು. ಅತ್ತಿಗೆ ನಡೆದ ದಾರಿಯಲ್ಲಿ ಒಂದು ಹನಿ ಚೆಲ್ಲಿರುತ್ತಿರಲಿಲ್ಲ. ನಲ್ಲಿಯ ಮುಂದೆ ಸರದಿ ತಪ್ಪಿಸಿ ನುಗ್ಗುವ ಹೆಂಗಸರನ್ನು ಅವರು ಜಗಳವಾಡಿ ತಡೆಯುತ್ತಿರಲಿಲ್ಲ, "ಬನ್ನಿ ಅಕ್ಕಾ, ನೀವೇ ಇಡ್ಕಳಿ, ನಿಮ್ ಮನೇಲಿ ಮದ್ವೆಯೇನೋ" ಎನ್ನುತ್ತಿದ್ದರು. ನುಗ್ಗಿದವರು ಹಿಂದೆ ಸರಿಯುತ್ತಿದ್ದರು.

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಅತ್ತಿಗೆಗೆ ಎಲ್ಲ ಹಬ್ಬಗಳಿಗಿಂತ ಅದೇ ದೊಡ್ಡದು. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅದರ ಕತ್ತಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹೂ ಮುಡಿಸಿ, ಹೊಸ ನೀರು ತುಂಬುವರು. ಬೆಳಗಾದರೆ ನರಕ ಚತುರ್ದಶಿಯ ಎಣ್ಣೆಸ್ನಾನ. ಹರಳೆಣ್ಣೆ ತಟ್ಟಿ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಚೊಂಬಿನಿಂದ ಎರೆಯುವಾಗ, ಸೀಗೆಪುಡಿ ಕಣ್ಣಿಗಿಳಿಯದಂತೆ ನನ್ನ ಹುಬ್ಬಿನ ಮೇಲೆ ಅವರ ಎಡಗೈ ಅಡ್ಡ ಇರುತ್ತಿತ್ತು. ಆ ಮನೆಯಲ್ಲಿ ನನಗೆ ಒಮ್ಮೆಯೂ ಕಣ್ಣು ಉರಿದ ನೆನಪಿಲ್ಲ. ಇದನ್ನು ನಾನು ಯಾವ ಭಾವುಕತೆಯಿಂದಲೂ ಹೇಳುತ್ತಿಲ್ಲ, ನಡೆದದ್ದನ್ನು ದಾಖಲಿಸುತ್ತಿದ್ದೇನೆ.

ಅಣ್ಣ ಹೋದ ಮೇಲೆ ಅತ್ತಿಗೆ ನಮ್ಮ ಮನೆಗೇ ಬಂದರು. ನೆಲಮಹಡಿಯ ಕೋಣೆ ಅವರದು, ಅದಕ್ಕೆ ಸೇರಿದಂತೆ ಒಂದು ಬಚ್ಚಲುಮನೆ. ಈಚೆಗೆ ಅಂಗಳದಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದರೂ ಬಲ ಬರಲಿಲ್ಲ. ಕೊಡ ಹೊತ್ತ ಕೈಗೆ ನೀರು ತುಂಬಿದ ಚೊಂಬು ಎತ್ತಲಾಗದಂತಾಯಿತು.

ನಮ್ಮ ಮನೆಯಲ್ಲಿ ತಾರಸಿಯ ಸೋಲಾರಿನ ಬಿಸಿನೀರು ಬರುತ್ತಿದ್ದದ್ದು ಮಹಡಿಯ ಬಚ್ಚಲಿಗೆ ಮಾತ್ರ. ಹಾಗಾಗಿ ದಿನವೂ ನಾನು ಮೇಲಿಂದ ಬಕೆಟ್ಟು ಇಳಿಸಬೇಕು, ಹೆಂಡತಿ ಒಳಗೆ ನಿಂತು ಅವರಿಗೆ ಎರೆಯಬೇಕು. ನಮಗೆ ಅದು ಕಷ್ಟವೇ ಅಲ್ಲ. ಕಷ್ಟ ಅತ್ತಿಗೆಗೆ. ಎದುರಿಗೆ ನಗುತ್ತಲೇ, "ಮದ್ವಣ್ಗಿತ್ತಿಗೆ ಎರ್ದಂಗೆ ಎರೀತೀಯಲ್ಲಮ್ಮ" ಎಂದು ನನ್ನ ಹೆಂಡತಿಯನ್ನು ಚುಡಾಯಿಸುವರು. ಆದರೆ ಬರಬರುತ್ತಾ ದಿನ ಬಿಟ್ಟು ದಿನ ಸ್ನಾನ ಸಾಕು ಎನ್ನತೊಡಗಿದರು. ಆಮೇಲೆ ಅದೂ ಮುಂದಕ್ಕೆ ಹೋಯಿತು. ಇಡೀ ವಠಾರಕ್ಕೇ ಮೊದಲು ಮಿಂದು ಹಣೆಗಿಟ್ಟುಕೊಳ್ಳುತ್ತಿದ್ದ ಹೆಂಗಸು ಅವರು.

ಒಂದು ದಿನ ನನ್ನನ್ನು ಕರೆದು ಕೇಳಿದರು. "ಪುಟ್ಟು, ಈ ಬಚ್ಚಲ್ಗೆ ಬಿಸ್ನೀರ್ ಬರಂಗೆ ಮಾಡುಕ್ಕಾಯ್ತದಾ? ಆ ಕೈಯಲ್ಲಿ ಇಡ್ಕೊಳೋ ಷವರ್ ಒಂದು ಹಾಕ್ಸ್ಬುಟ್ರೆ, ಎಡ್ಗೈಲಿ ಇಡ್ಕೊಂಡು ನಾನೇ ಮಾಡ್ಕತೀನಿ. ನರಕ ಚತುರ್ದಸಿ ನೀರ್ನಾದ್ರೂ ಒಬ್ಳೇ ಉಯ್ಕಬೇಕು ಕಣಪ್ಪ."

ಜೀವಮಾನದಲ್ಲಿ ಅವರು ನನ್ನಿಂದ ಕೇಳಿದ್ದು ಬೇರೆ ಏನೂ ನೆನಪಾಗುತ್ತಿಲ್ಲ.

ನಮ್ಮ ಪ್ಲಂಬರ್ ಕುಮಾರ ಒಳ್ಳೆಯ ಕೆಲಸಗಾರ. ಅತ್ತಿಗೆಯ ಊರಿನ ಪಕ್ಕದವನು, ಅವರನ್ನು ಅವ್ವಾ ಎನ್ನುತ್ತಾನೆ. ಬಚ್ಚಲೊಳಗೆ ಕೈಷವರ್ ಕೂಡಿಸಿದ, ತಾರಸಿಯಿಂದ ಹೊರಗೋಡೆಯ ಮೇಲೆ ಕೆನೆಬಣ್ಣದ ಪೈಪು ಇಳಿಸಿದ. ಮನೆ ಕಟ್ಟಿದಾಗಲೇ ಬಚ್ಚಲ ಗೋಡೆಯ ಹೊರಮೈಯಲ್ಲಿ ಕಬ್ಬಿಣದ ಪೈಪಿನ ಬಾಯೊಂದನ್ನು ಬಿಟ್ಟು ಡಮ್ಮಿ ಹಾಕಿಸಿದ್ದೆವು. ಇಳಿದು ಬಂದ ಪೈಪನ್ನು ಆ ಬಾಯಿಗೆ ಸೇರಿಸಿದರೆ ಮುಗಿಯಿತು. ಅಷ್ಟರಲ್ಲಿ ಅವನಿಗೆ ಇನ್ನೊಂದು ಕಡೆ ತುರ್ತು ಕರೆ ಬಂತು, ಹೊರಟುಹೋದ. ಮರುದಿನ ಫೋನು ಮಾಡಿದ.

"ಸಾರ್, ಅಬ್ಬದ್ ಮುಂಚಿನ್ ದಿನ ಊರ್ಗೋಗೋ ದಾರೀಲಿ ಬಂದು ಜಾಯಿಂಟ್ ಮಾಡ್ಬುಟ್ಟು ಓಯ್ತೀನಿ. ನೀವು ಮುಕ್ಕಾಲ್ ಇಂಚಿಂದು ಮೇಲ್ ಎಲ್ಬೋ ಒಂದು ತಂದ್ಮಡಗಿರಿ."

ಎಲ್ಬೋ ಎಂದರೆ ಮೊಣಕೈಯಂತೆ ಮಡಿಸಿದ ತುಂಡು, ಪೈಪು ತಿರುಗುವ ಕಡೆ ಹಾಕುವುದು. ಅದು ನನಗೆ ಗೊತ್ತಿತ್ತು. ಆದರೂ ಸುದ್ದಿಮನೆಯ ನಿಯಮದಂತೆ ಎರಡನೇ ಸಲ ಕೇಳಿ ಖಚಿತಪಡಿಸಿಕೊಂಡೆ.

"ಮೇಲ್ ಎಲ್ಬೋನೇ ತಾನೆ?"

"ಊಂ ಸಾರ್, ಮೇಲೇ. ಬ್ಯಾರೆ ತಂದ್ಬುಟ್ಟೀರಿ ಮತ್ತೆ."

ಇದಕ್ಕಿಂತ ಸ್ಪಷ್ಟ ಹೇಳಿಕೆ ಯಾವ ಮಂತ್ರಿಯಿಂದಲೂ ನನಗೆ ಸಿಕ್ಕಿಲ್ಲ. ಆ ಪೈಪಿಗೆ ತಾರಸಿಯ ಗೋಡೆಯಂಚಿನಲ್ಲಿ ಒಂದು ಎಲ್ಬೋ ಇತ್ತು, ಅಲ್ಲಿಂದಲೇ ಅದು ಕೆಳಕ್ಕೆ ತಿರುಗುತ್ತಿತ್ತು. ಮೇಲಿನ ಎಲ್ಬೋ. ನಾನು ಮೆಟ್ಟಿಲು ಹತ್ತಿದೆ. ಚೆನ್ನಾಗಿಯೇ ಇರುವ ಅದನ್ನು ಏಕೆ ಬದಲಿಸಬೇಕು ಎಂಬ ಅನುಮಾನ ಬಂತು. ಬಗ್ಗಿ ಹುಡುಕಿದೆ. ಒಂದು ಗೀರು ಕಂಡಿತು. ಹುಡುಕಿದರೆ ಗೀರು ಕಂಡೇ ಕಾಣುತ್ತದೆ, ಈ ಅಪಾಯದ ಬಗ್ಗೆ ಹೊಸ ವರದಿಗಾರರಿಗೆ ನಾನೇ ಪಾಠ ಹೇಳಿದ್ದೇನೆ. ಕುಮಾರನ ಕಣ್ಣು ಎಷ್ಟು ಸೂಕ್ಷ್ಮ ಎಂದುಕೊಂಡು ಆ ಎಲ್ಬೋದ ಫೋಟೊ ತೆಗೆದೆ, ಬಣ್ಣ ಗುರುತಿಸಿಕೊಂಡೆ. ಮಾದಪ್ಪನವರ ಅಂಗಡಿಗೆ ಹೋಗಿ ಫೋಟೊ ತೋರಿಸಿ, ಕೆನೆಬಣ್ಣದ್ದು, ಮುಕ್ಕಾಲು ಇಂಚಿನದು, ಥೇಟ್ ಅಂಥದೇ ತಂದೆ. ಮೊದಲ ಸಲ ಅಂಗಡಿಯಿಂದ ವಾಪಸು ಕಳಿಸಿಕೊಳ್ಳದೆ ಬಂದ ಹೆಮ್ಮೆಯನ್ನು ಹೆಂಡತಿಗೂ ಹೇಳಿಕೊಂಡೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕುಮಾರ ಬಂದ. ಹೆಗಲಿಗೆ ಊರಿನ ಬ್ಯಾಗು, ಕೈಯಲ್ಲಿ ಮಕ್ಕಳಿಗೆ ಪಟಾಕಿ. ಅತ್ತಿಗೆ ಬೆಳಿಗ್ಗೆಯೇ ಹೊಸ ಟವೆಲ್ಲು, ಸೀಗೆಪುಡಿ ಎಲ್ಲ ಬಚ್ಚಲ ಗೂಡಿನಲ್ಲಿ ಎಡಗೈಗೆ ಎಟಕುವ ಹಾಗೆ ಜೋಡಿಸಿಟ್ಟು, ಕೆಲಸ ನೋಡಲು ಹೊರಗಿನ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಎಲ್ಬೋ ಕೊಟ್ಟೆ. ಕುಮಾರ ಅದನ್ನು ತಿರುಗಿಸಿ ನೋಡಿದ. ನನ್ನನ್ನು ನೋಡಿದ. ಮತ್ತೆ ಅದನ್ನು ನೋಡಿದ.

"ಇದ್ಯಾಕ್ ಸಾರ್ ಪ್ಲೇನ್ ತಂದಿದೀರಾ? ಮೇಲ್ ಅಂದೆ ನಾನು."

"ಮೇಲಿಂದೇ ಕಣಪ್ಪ ಇದು. ಹತ್ತಿ ನೋಡಿಕೊಂಡು ಬಂದೇ ತಂದೆ."

"ಅತ್ತಿ ನೋಡುಕ್ಕೆ ಅಲ್ಲೇನಿದ್ದದು?"

"ಮೇಲಿನ ಎಲ್ಬೋ ಇದೆಯಲ್ಲ!"

ಕುಮಾರ ಹಣೆ ಚಚ್ಚಿಕೊಂಡ. "ಅಯ್ಯೋ ಸಾರ್, ಮೇಲ್ ಅಂದ್ರೆ ಮೇಲೆ ಅಲ್ಲ. ಮೇಲು, ಫೀಮೇಲು ಅಂತಾರಲ್ಲ, ಆ ಮೇಲು. ಗಂಡು! ಗೋಡೇಲಿರೋದು ಹೆಣ್ಣು, ಒಳಗಡೆ ಥ್ರೆಡ್ಡು, ತಿರ್ಪು. ಅದ್ರೊಳ್ಗೆ ತಿರ್ಗಿಸುಕ್ಕೆ ಹೊರಗಡೆ ಥ್ರೆಡ್ ಇರೋ ಗಂಡು ಬೇಕು. ಇದ್ಕೆ ಎರಡ್ ಕಡೀಕೂ ಥ್ರೆಡ್ಡೇ ಇಲ್ಲ."

ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕೂತು ನನ್ನ ಕಿವಿ ಕನ್ನಡವನ್ನು ಬಿಟ್ಟು ಬೇರೇನೂ ಕೇಳಿಸಿಕೊಳ್ಳದ ಹಾಗೆ ಆಗಿತ್ತು. ಮೇಲ್ಮನವಿ, ಮೇಲ್ಸೇತುವೆ, ಮೇಲ್ಮನೆ, ಮೇಲ್ ಎಲ್ಬೋ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಅಲ್ಲ ಕಣ್ಲಾ ಕುಮಾರ, ಗಂಡು ಬೇಕು ಅಂದ್ರೆ ಗಂಡು ಅನ್ನುಕ್ಕೆ ಏನ್ಲಾ ನಾಚ್ಕೆ ನಿಂಗೆ? ರವ್ಕೆ ಉಕ್ಸಿಗೂ ಗಂಡು ಎಣ್ಣು ಅಂತೀವಿ. ನೀನು ಇಂಗ್ಲೀಸಲ್ಲಿ ಯೋಳ್ದೆ, ಅವ್ನು ಕನ್ನಡ್ದಲ್ಲಿ ಕೇಳುಸ್ಕಂಡ."

ನಾವೂ ನಕ್ಕೆವು. ನಗು ನಿಂತ ಮೇಲೆ ವಿಷಯ ನಗುವಂಥದ್ದಲ್ಲ ಎಂದು ಗೊತ್ತಾಯಿತು. ಕುಮಾರ ಬಸ್ಸು ಹಿಡಿಯಬೇಕು. ಹಬ್ಬ ಮುಗಿಸಿ ಅವನು ಬರುವುದು ಮುಂದಿನ ವಾರ. ಹಬ್ಬಕ್ಕೆಂದು ಅಂಗಡಿಗಳು ಬೇಗನೆ ಬಾಗಿಲು ಹಾಕುವ ಹೊತ್ತು. ಅತ್ತಿಗೆ ನನ್ನ, ನನ್ನ ಹೆಂಡತಿಯ, ಕುಮಾರನ ಮುಖವನ್ನು ಒಂದು ಸುತ್ತು ನೋಡಿದರು.

"ಆಗ್ಲಿ ಬುಡು ಪುಟ್ಟು. ಮುಂದ್ಲೊರ್ಸ ಉಯ್ಕಂಡ್ರಾಯ್ತು. ಅಬ್ಬ ಎಲ್ಲೋಯ್ತದೆ?"

ಹಾಗೆಂದು ಕುರ್ಚಿಯಿಂದ ಎದ್ದು, ಗೂಡಿನಲ್ಲಿಟ್ಟಿದ್ದ ಟವೆಲ್ಲನ್ನು ಮಡಿಸಿ ಒಳಗಿಡಲು ಹೋದರು. ಆ ಮಾತನ್ನು ಅವರು ಬೇಸರದಿಂದ ಆಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಸಮಾಧಾನದಿಂದ ಆಡಿದರು.

"ಸ್ಕೂಟರ್ ಹತ್ತು" ಎಂದೆ ಕುಮಾರನಿಗೆ.

ಮಾದಪ್ಪನವರು ಅರ್ಧ ಶಟರ್ ಇಳಿಸಿ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಊದುಕಡ್ಡಿ ಬೆಳಗುತ್ತಿದ್ದರು. ನಾವಿಬ್ಬರೂ ಬಗ್ಗಿ ಒಳಗೆ ನುಗ್ಗಿದೆವು. ಸ್ಯಾಂಪಲ್ ಕೇಳುವ ಮೊದಲೇ ನಾನು ಹೇಳಿದೆ.

"ಮಾದಪ್ಪನವರೇ, ಗಂಡು ಎಲ್ಬೋ ಕೊಡಿ."

ಅವರು ಊದುಕಡ್ಡಿ ಹಿಡಿದೇ ತಿರುಗಿದರು. "ಯಾವ ಗಂಡು ಸಾರ್?"

"ಮೇಲ್ ಎಲ್ಬೋ ಅಣ್ಣ, ಹಿತ್ತಾಳೆ ಥ್ರೆಡ್ಡಿಂದು" ಎಂದ ಕುಮಾರ.

"ಅದು ನೆನ್ನೇನೇ ಖಾಲಿ. ಅಲ್ಲ, ಸಾರು ಎಲ್ಬೋ ತಗೊಂಡೋಗಿದ್ರಲ್ಲ?"

"ಅದು ಮೇಲಿಂದು" ಎಂದೆ ನಾನು.

"ಮೇಲ್ ಇದ್ಮೇಲೆ ಇನ್ನೇನ್ ಬೇಕು ಸಾರ್?"

"ಮೇಲ್ ಅಲ್ಲ. ಮೇಲಿಂದು."

"ನಾನೂ ಅದನ್ನೇ ಹೇಳ್ತಿರೋದು ಕಣ್ರೀ!"

ಕುಮಾರ ನಮ್ಮಿಬ್ಬರ ನಡುವೆ ಕೈ ಅಡ್ಡ ಹಿಡಿದ. "ಅಣ್ಣಾ, ಸಾರ್ ಮಾತ್ಗೆ ಸಿಕ್ಕಾಕೋಬೇಡಿ, ನನ್ ಬಸ್ ಓಯ್ತದೆ. ನಮ್ ತಾವ ಇರೋದು ಪ್ಲೇನ್ ಎಲ್ಬೋ. ಗ್ವಾಡೇಲಿ ಕಬ್ಬಿಣದ್ದು ಹೆಣ್ಣು ಅದೆ."

ಮಾದಪ್ಪನವರು ಊದುಕಡ್ಡಿ ಸಿಕ್ಕಿಸಿ ಕೈ ಮುಗಿದರು. ಕನ್ನಡಕ ಹಣೆಗೇರಿತು. "ಪ್ಲೇನ್ ಎಲ್ಬೋ ಇದ್ರೆ ಇನ್ನೇನು? ಅದನ್ನ ಪೈಪಿಗೆ ಅಂಟ್ಸು. ಮುಂದೆ ಒಂದು ಗಂಡು ಅಡಾಪ್ಟರ್ ಹಾಕು, ಮಧ್ಯ ಗೇಣುದ್ದ ಪೈಪು. ಮೂತಿ ಸ್ವಲ್ಪ ಮುಂದಕ್ ಬರುತ್ತೆ ಅಷ್ಟೆ, ನೀರ್ಗೇನು ಗೊತ್ತಾಗುತ್ತಾ?"

"ಅದೇ ನಾನೂ ಅನ್ಕತಿದ್ದೆ" ಎಂದ ಕುಮಾರ. ಅನ್ನಿಸಿದ್ದು ನಿಜವೇ ಇರಬಹುದು, ಅವನ ಮುಖದಲ್ಲಿ ಮಾತ್ರ ಅಲ್ಲಿಯವರೆಗೆ ಬಸ್ಸು ಬಿಟ್ಟು ಬೇರೇನೂ ಇರಲಿಲ್ಲ.

ಮಾದಪ್ಪನವರು ಡಬ್ಬಿ ಡಬ್ಬಿ ಹುಡುಕಿ ಅಡಾಪ್ಟರ್ ತೆಗೆದರು. ಪ್ಲಾಸ್ಟಿಕ್ಕಿನ ಬುಡ, ಹಿತ್ತಾಳೆಯ ತಿರುಪು. ಕಬ್ಬಿಣಕ್ಕೆ ಪ್ಲಾಸ್ಟಿಕ್ಕಿನ ತಿರುಪು ಕೊಟ್ಟರೆ ಬಿಸಿನೀರಿಗೆ ಸೀಳುತ್ತದೆ ಎಂದು ಅದೂ ಇದೂ ಹೇಳುತ್ತಾ, ನನ್ನ ಕೈಗಿಟ್ಟು, "ನಮ್ ಈ ಮೇಲು-ಮೇಲಿಂದು ಕತೇನ ಪೇಪರಲ್ಲಿ ಅಚ್ಚು ಹಾಕ್ಬೇಡಿ ಸಾರ್" ಎಂದರು. ನಾನು ಈಗ ಹಾಕುತ್ತಿದ್ದೇನೆ.

ಮನೆಗೆ ಬಂದು ಕುಮಾರ ಹಿತ್ತಾಳೆಯ ತಿರುಪಿಗೆ ಬಿಳಿ ಟೇಪು ಸುತ್ತಿ, ಗೋಡೆಯ ಬಾಯಿಗೆ ಬಿಗಿದ. ಗೇಣುದ್ದದ ತುಂಡಿಗೂ ಪೈಪಿನ ಕೊನೆಗೂ ಎಲ್ಬೋಗೂ ಸೊಲ್ಯೂಷನ್ ಎಂಬ ಅಂಟು ಬಳಿದು, ತೂರಿಸಿ, ಉಸಿರು ಬಿಗಿಹಿಡಿದು ಒತ್ತಿಕೊಂಡು ನಿಂತ. ನಾವೂ ಉಸಿರು ಬಿಗಿಹಿಡಿದೆವು. ನಮ್ಮ ಉಸಿರಿನಿಂದ ಅದಕ್ಕೇನೂ ಆಗಬೇಕಾದ್ದಿರಲಿಲ್ಲ. ಗೋಡೆಯಿಂದ ಸೊಂಡಿಲಿನಂತೆ ಮುಂದಕ್ಕೆ ಬಂದ ಆ ಜೋಡಣೆಯನ್ನು ನೋಡಿ ಹೆಂಡತಿ, "ಇಷ್ಟು ಉದ್ದ ಮೂಗಾ?" ಎಂದಳು. ಅದು ನಾನು ತಪ್ಪಾಗಿ ಕೇಳಿಸಿಕೊಂಡದ್ದರ ಉದ್ದ.

"ನಾಳೆ ಬೆಳಿಗ್ಗೆಗಂಟ ನೀರ್ ಬುಡ್ಬೇಡಿ ಸಾರ್, ಒಣ್ಗಬೇಕು" ಎಂದ ಕುಮಾರ. ಅತ್ತಿಗೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ಹಂಡೆ ಇಲ್ಲದ ಮನೆಯಲ್ಲಿ ನೀರು ತುಂಬುವ ಹಬ್ಬಕ್ಕೆ ಪೂಜೆ ಯಾವುದಕ್ಕೆ? ಎಡಗೈಯಲ್ಲಿ ಎಲ್ಬೋಗೆ ಇಡಲು ಹೋದರು.

"ಅವ್ವಾ, ಹಸಿ ಅದೆ, ಮುಟ್ಬೇಡಿ!"

"ಬಾಣ್ತಿ ಕಾಯ್ದಂಗೆ ಕಾಯ್ತೀಯಲ್ಲೋ" ಎಂದು ಕೈಯನ್ನು ಒಂದು ಮೊಳ ಮೇಲಕ್ಕೆ ತಂದು ಪೈಪಿಗೇ ಇಟ್ಟರು. ಕುಮಾರನಿಗೆ ಕಜ್ಜಾಯದ ಪೊಟ್ಟಣ ಕೊಟ್ಟರು. ಅವನಿಗೆ ಬಸ್ಸು ಸಿಕ್ಕಿತೆಂದು ಆಮೇಲೆ ತಿಳಿಯಿತು.

ನರಕ ಚತುರ್ದಶಿಯ ಬೆಳಿಗ್ಗೆ ನಾನು ತಾರಸಿಗೆ ಹೋಗಿ ವಾಲ್ವ್ ತಿರುಗಿಸಿದೆ. ಓಡಿ ಇಳಿದು ಬಂದು ಎಲ್ಬೋ ಕೆಳಗೆ ಅಂಗೈ ಹಿಡಿದೆ. ಒಂದು ಹನಿಯೂ ಇಲ್ಲ. ನಾವು ಮೂವರೂ ತಲೆಗೆ ಎಣ್ಣೆ ಹಚ್ಚಿಕೊಂಡಾಗಿತ್ತು. ಮೊದಲ ಸ್ನಾನ ಅತ್ತಿಗೆಯದು. ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿಸಿತು. ಆಮೇಲೆ ನೀರಿನ ಸದ್ದು.

ನಾವಿಬ್ಬರೂ ಬಾಗಿಲ ಹೊರಗೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರ ಹಾಗೆ ನಿಂತಿದ್ದೆವು. ನೀರು ಬೀಳುತ್ತಲೇ ಇತ್ತು. ಬಹಳ ಹೊತ್ತಾಯಿತು. ಹೆಂಡತಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಎಲ್ಲಾ ಸರಿಯಾಗಿದ್ಯಾ? ನಾನ್ ಬರ್ಲಾ?"

"ಯಾರೂ ಬರ್ಕೂಡ್ದು!" ಒಳಗಿನಿಂದ ಬಂದ ಧ್ವನಿ ನಲ್ಲಿಯ ಸರದಿಯಲ್ಲಿ ನಿಂತ ಆ ಹುಡುಗಿಯದೇ. "ಓಗಿ ನಿಮ್ ನಿಮ್ ಕೆಲ್ಸ ನೋಡ್ಕಳಿ. ನಾನಿನ್ನೂ ಈಗ್ ಸುರು ಮಾಡಿವ್ನಿ."

ನಾವು ಹೋಗಿ ನಮ್ಮ ಕೆಲಸ ನೋಡಿಕೊಂಡೆವು. ಅತ್ತಿಗೆ ಹೊರಗೆ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಮುಖ ಕೆಂಪಗೆ, ಕೂದಲು ಟವೆಲ್ಲಿನೊಳಗೆ, ಟವೆಲ್ಲಿನ ಗಂಟು ವಾರೆಯಾಗಿ. ಎಡಗೈಯಲ್ಲಿ ಕಟ್ಟಿಕೊಂಡದ್ದು. ಹೆಂಡತಿ ಅದನ್ನು ಸರಿಮಾಡಲು ಕೈ ಎತ್ತಿ, ಹಾಗೇ ಇಳಿಸಿದಳು.

ಇಷ್ಟಾದ ಮೇಲೆ ಸೋಲಾರಿನಲ್ಲಿ ಬಿಸಿನೀರು ಉಳಿದಿರಲಿಲ್ಲ. ಹೆಂಡತಿ ಒಲೆಯ ಮೇಲೆ ತನ್ನ ಪಾಲಿಗಷ್ಟು ಕಾಯಿಸಿಕೊಂಡಳು. ನಾನು ತಣ್ಣೀರೇ ಹುಯ್ದುಕೊಂಡೆ. ತಣ್ಣೀರಿಗೆ ಹರಳೆಣ್ಣೆ ಬಿಡುವುದಿಲ್ಲ. ಎಷ್ಟು ಉಜ್ಜಿದರೂ ತಲೆ ಹಲಸಿನ ಎಲೆಯ ಹಾಗೆ ಹೊಳೆಯುತ್ತಲೇ ಇತ್ತು. ಅದೇ ತಲೆಯಲ್ಲಿ ಮಧ್ಯಾಹ್ನ ಡೆಸ್ಕಿಗೆ ಹೋದೆ. ಪಕ್ಕದ ಕುರ್ಚಿಯ ಸಹೋದ್ಯೋಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಸಾರ್, ಹಬ್ಬದ ದಿನ ಹೀಗೆ? ಮನೇಲಿ ಬಿಸಿನೀರು ಬರ್ತಿಲ್ವಾ?"

"ಬರ್ತಿದೆ ಕಣಯ್ಯ" ಎಂದೆ. "ಚೆನ್ನಾಗಿ ಬರ್ತಿದೆ."